ಕ್ಯಾಮ್ಡನ್ ಟೌನಿನ ಬ್ಯಾಂಜೋ

ಐರಿಷ್ ಜನಪದ ಸಂಗೀತದ ನಿಜವಾದ ನೆಲೆ ಹಳ್ಳಿಮನೆಯ ಒಲೆಯ ಬದಿಯೇ ಹೊರತು ಪಬ್ಬಲ್ಲ ಎಂಬ ವಾದವನ್ನು ಶುದ್ಧತಾವಾದಿಗಳು ಇಂದಿಗೂ ಬಿಟ್ಟುಕೊಟ್ಟಿಲ್ಲ. ವಾದದ ಮೊದಲರ್ಧದಲ್ಲಿ ಸತ್ಯವಿದೆ. ಐರ್ಲೆಂಡಿನ ಗ್ರಾಮಾಂತರದಲ್ಲಿ ಕುಣಿತದ ವಾದನ ನಡೆಯುತ್ತಿದ್ದುದು ಮನೆಗಳಲ್ಲಿ ಮತ್ತು ಕೂಡುರಸ್ತೆಗಳಲ್ಲಿ. ಪರವಾನಗಿ ಪಡೆದ ಸ್ಥಳಗಳಲ್ಲಿ ಮಾತ್ರ ಸಾರ್ವಜನಿಕ ನೃತ್ಯಕ್ಕೆ ಅವಕಾಶ ಕೊಟ್ಟ 1935ರ ಕಾಯಿದೆಯ ನಂತರ ಆ ಕೂಟಗಳು ಸೊರಗಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೂಲಿ ಅರಸಿ ಲಂಡನ್ನಿಗೆ ಬಂದ ಐರಿಷರಿಗೆ ಬಾಡಿಗೆಯ ಇಕ್ಕಟ್ಟಾದ ಕೋಣೆಗಳಲ್ಲಿ ಪಿಟೀಲು ನುಡಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಅವರು ಪಬ್ಬನ್ನೇ ನಡುಮನೆಯಾಗಿಸಿಕೊಂಡರು. ವಾದಕರು ಮೇಜಿನ ಸುತ್ತ ಕುಳಿತು ಒಂದರ ಹಿಂದೊಂದು ಮಟ್ಟುಗಳನ್ನು ಕೂಡಿ ನುಡಿಸುವ ‘ಸೆಷನ್’ ಪದ್ಧತಿ ಹೀಗೆ ವಲಸೆಯ ನಗರದಲ್ಲಿ ಬಲಗೊಂಡಿತು; ಐರ್ಲೆಂಡಿನ ಪಬ್ಬುಗಳಲ್ಲಿ ಅದು ವ್ಯಾಪಕವಾದದ್ದು ಅನಂತರ. ವಾದದ ದ್ವಿತೀಯಾರ್ಧಕ್ಕೆ ಇಷ್ಟೇ ಸಾಕಾದ ಉತ್ತರ.

ಇದಕ್ಕಿಂತ ಗಟ್ಟಿಯಾದ ಉತ್ತರ ಮಾರ್ಗರೆಟ್ ಬ್ಯಾರಿಯ ಹಾಡಿಕೆಯಲ್ಲಿದೆ. 1917ರಲ್ಲಿ ಕಾರ್ಕ್ ನಗರದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮನೆ ಬಿಟ್ಟು, ಬ್ಯಾಂಜೋ ಹಿಡಿದು ಬೀದಿ, ಜಾತ್ರೆ, ಫುಟ್‌ಬಾಲ್ ಪಂದ್ಯಗಳ ಬಾಗಿಲಲ್ಲಿ ಹಾಡಿ ಹೊಟ್ಟೆ ಹೊರೆದ ಈಕೆ 1950ರ ದಶಕದಲ್ಲಿ ಸ್ಲೈಗೋ ಸೀಮೆಯ ಪಿಟೀಲುಗಾರ ಮೈಕಲ್ ಗೋರ್ಮನ್ನನ ಜೊತೆಗೂಡಿ ಲಂಡನ್ನಿನ ಕ್ಯಾಮ್ಡನ್ ಟೌನಿನ ಬೆಡ್‌ಫರ್ಡ್ ಆರ್ಮ್ಸ್ ಎಂಬ ಪಬ್ಬಿನಲ್ಲಿ ಹಾಡಿದಳು. ಅದು ದುಡಿಮೆಯ ಹಾಡು. ದಾರಿಹೋಕನನ್ನು ನಿಲ್ಲಿಸಿ ಕಿಸೆಗೆ ಕೈಹಾಕಿಸಬೇಕಾಗಿದ್ದ ಕಂಠವಾದ್ದರಿಂದ ಅದರಲ್ಲಿ ನಡುಕದ ಬೆಡಗಿಲ್ಲ. ಸಾಲಿನ ಕೊನೆಯ ಸ್ವರವನ್ನು ಅಗಲವಾಗಿ ಬಿಚ್ಚಿ, ಗಾಳಿಗೊಡ್ಡಿ ಹಿಡಿಯುವ ಆ ರೀತಿಯನ್ನು ಯಾವ ಸಂಗೀತಶಾಲೆಯೂ ಕಲಿಸಲಾರದು. ಕೆಳಗೆ ಬ್ಯಾಂಜೋ ಸರಳವಾದ ಮೀಟಿನಲ್ಲಿ ಆಧಾರವನ್ನಷ್ಟೇ ಒದಗಿಸುತ್ತದೆ.

ವಾದ್ಯದ ನೆರವಿಲ್ಲದೆ ಐರಿಷ್ ಭಾಷೆಯಲ್ಲಿ, ನುಣುಪಾದ ಅಲಂಕಾರಗಳೊಡನೆ ಹಾಡುವ ‘ಶಾನ್ ನೋಸ್’ ಶೈಲಿಯನ್ನೇ ಏಕೈಕ ಮಾನದಂಡವೆಂದು ಬಗೆಯುವವರಿಗೆ ಬ್ಯಾಂಜೋದ ಸದ್ದು ಇಂಗ್ಲಿಷ್ ಹಾಡಿನಷ್ಟೇ ಅಪಥ್ಯ. ಶಾನ್ ನೋಸ್ ಮಹತ್ತಾದ ಕಲೆ ಎಂಬುದರಲ್ಲಿ ತಕರಾರಿಲ್ಲ. ಅದನ್ನು ಹೊಗಳಲು ಬೀದಿಯ ಹಾಡನ್ನು ಕಸವೆನ್ನಬೇಕಾಗಿಲ್ಲ ಎಂಬುದಷ್ಟೇ ಇಲ್ಲಿನ ಆಕ್ಷೇಪ.

ಶುದ್ಧತೆಯ ಲೆಕ್ಕವನ್ನು ಬ್ಯಾರಿಯ ಅತಿ ಪ್ರಸಿದ್ಧ ಹಾಡಾದ ‘ಶೀ ಮೂವ್ಡ್ ಥ್ರೂ ದ ಫೇರ್’ ಪೂರ್ತಿ ಬುಡಮೇಲು ಮಾಡುತ್ತದೆ. ತಂದೆತಾಯಿಯರ ಅಡ್ಡಿಯಿಲ್ಲವೆಂದು, ಮದುವೆಗೆ ತಡವಿಲ್ಲವೆಂದು ನಲ್ಲನಿಗೆ ಹೇಳಿ ಹುಡುಗಿ ಜಾತ್ರೆಯ ನಡುವೆ ಹಾಯ್ದು ಹೋಗುತ್ತಾಳೆ. ಕೊನೆಯ ಪದ್ಯದಲ್ಲಿ ಇರುಳು ಸದ್ದಿಲ್ಲದೆ ಒಳಬಂದು ಅದೇ ಮಾತನ್ನಾಡುತ್ತಾಳೆ, ಆಗ ಅವಳು ಸತ್ತವಳೆಂಬ ಗುಮಾನಿ ಕೇಳುಗನಲ್ಲಿ ಮೂಡುತ್ತದೆ. ಸಾವನ್ನು ಬಾಯಿಬಿಟ್ಟು ಹೇಳದೆ ಉಳಿಸಿದ್ದೇ ಈ ಹಾಡಿನ ಹಿರಿಮೆ. ಹಳೆಯ ಮಟ್ಟನ್ನು ಸಂಗ್ರಹಿಸಿದವನು ಹರ್ಬರ್ಟ್ ಹ್ಯೂಸ್, ಜನರ ಬಾಯಲ್ಲಿದ್ದ ತುಣುಕಿಗೆ ಪದ್ಯಗಳನ್ನು ಕಟ್ಟಿ ಸೇರಿಸಿದವನು ಕವಿ ಪಾಡ್ರಿಕ್ ಕಾಲಮ್, ಅಚ್ಚಾದದ್ದು 1909ರಲ್ಲಿ. ಕಚೇರಿ ಗಾಯಕ ಜಾನ್ ಮೆಕಾರ್ಮಕ್ ಅದನ್ನು ಧ್ವನಿಮುದ್ರಿಸಿದ, ಅವನ ಗ್ರಾಮಫೋನ್ ತಟ್ಟೆಯಿಂದಲೇ ತಾನು ಕಲಿತದ್ದೆಂದು ಬ್ಯಾರಿ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಜನರಿಂದ ಪುಸ್ತಕಕ್ಕೆ, ಪುಸ್ತಕದಿಂದ ತಟ್ಟೆಗೆ, ತಟ್ಟೆಯಿಂದ ಮತ್ತೆ ಬೀದಿಗೆ ಮತ್ತು ಪಬ್ಬಿಗೆ ಬಂದ ಈ ಹಾಡಿನಲ್ಲಿ ‘ಅಚ್ಚ’ ಜನಪದ ಯಾವ ಹಂತದಲ್ಲಿ ಮುಗಿಯಿತೆಂದು ಶುದ್ಧತಾವಾದಿ ತೋರಿಸಲಿ. ಮಟ್ಟು ಪಾಶ್ಚಾತ್ಯರು ಮಿಕ್ಸೊಲಿಡಿಯನ್ ಎನ್ನುವ ಸ್ವರಶ್ರೇಣಿಯದು, ಅಂದರೆ ನಮ್ಮ ಹರಿಕಾಂಭೋಜಿಯಲ್ಲಿರುವಂತೆ ಇಲ್ಲಿಯೂ ನಿಷಾದ ಕೈಶಿಕಿ. ತಗ್ಗಿದ ಆ ನಿಷಾದವನ್ನು ಬ್ಯಾರಿ ಮೃದುಗೊಳಿಸದೆ ನೇರವಾಗಿ ಇಡುತ್ತಾಳೆ, ಅಲ್ಲಿ ಹಾಡು ಕಚೇರಿಯ ಮೆರುಗನ್ನು ಕಳಚಿ ಮತ್ತೆ ಒರಟಾಗುತ್ತದೆ.

ಪಬ್ಬಿನ ಗದ್ದಲ ಸಂಗೀತವನ್ನು ನುಂಗುತ್ತದೆ ಎಂಬುದು ಇನ್ನೊಂದು ದೂರು. ಲಂಡನ್ನಿನ ಹಾಲೊವೇ ಬಡಾವಣೆಯ ‘ದ ಫೇವರಿಟ್’ ಪಬ್ಬಿನಲ್ಲಿ ಧ್ವನಿಮುದ್ರಿಸಿ 1968ರಲ್ಲಿ ಟಾಪಿಕ್ ಸಂಸ್ಥೆ ಹೊರತಂದ ‘ಪ್ಯಾಡಿ ಇನ್ ದ ಸ್ಮೋಕ್’ ಎಂಬ ತಟ್ಟೆಯನ್ನು ಕೇಳಿದವರು ಆ ದೂರನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಬಾಬಿ ಕೇಸಿ, ಜೂಲಿಯಾ ಕ್ಲಿಫರ್ಡ್ ಮುಂತಾದವರ ಪಿಟೀಲಿಗೆ ಅಲ್ಲಿ ಕೇಳಿಬರುವ ಜನರ ಉತ್ಸಾಹದ ಕೂಗು ಅಡಚಣೆಯಲ್ಲ, ಮಟ್ಟಿನ ತಿರುವು ಸರಿಯಾಗಿ ಬಿತ್ತೆಂಬುದಕ್ಕೆ ಬಲ್ಲವರು ಹಾಕುವ ರುಜು. ಸ್ಟುಡಿಯೋದ ಮೌನದಲ್ಲಿ ಅದೇ ವಾದಕರು ಅಷ್ಟು ಧೈರ್ಯದಿಂದ ವೇಗಕ್ಕೆ ಕೈಹಾಕುತ್ತಿದ್ದರೆಂದು ನಂಬುವುದು ಕಷ್ಟ.