ಆಡದೆ ಉಳಿದ ಮೂರು ಋತುಗಳು: ಡಾನ್ಸ್ ತಂಡದ ಚರಿತ್ರೆಯನ್ನು ಅಳೆಯುವ ಬಗೆ

ಅಮೆರಿಕದ ವಿಶ್ವವಿದ್ಯಾಲಯ ತಂಡಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪ್ರಶಸ್ತಿಗಳ ಕಪಾಟಿನಿಂದ ಶುರು ಮಾಡುತ್ತಾರೆ. ಯಾವ ವರ್ಷ ಯಾವ ಕಪ್ ಬಂತು, ಯಾವ ಕೋಚ್ ಎಷ್ಟು ಪಂದ್ಯ ಗೆದ್ದರು, ಎಷ್ಟು ಹುಡುಗರು ವೃತ್ತಿಪರ ಲೀಗಿಗೆ ಹೋದರು ಎನ್ನುವುದೇ ಆ ಬರವಣಿಗೆಯ ಬೆನ್ನೆಲುಬು. ಈ ಅಳತೆಗೆ ನಿಂತರೆ 1964ರಿಂದ 1975ರೊಳಗೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಯುಸಿಎಲ್‌ಎ ತಂಡದ ಮುಂದೆ ಬೇರೆ ಯಾರೂ ನಿಲ್ಲುವುದಿಲ್ಲ. ಅದೇ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಡಾನ್ಸ್‌ಗೆ ಸಿಕ್ಕಿರುವುದು ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಘ ಎನ್‌ಸಿಎಎ ಕೊಡುವ ಎರಡೇ ಪ್ರಶಸ್ತಿ. ಅದರ ಕಥೆ ಹೇಳುವುದಕ್ಕೂ ಒಂದು ಸಿದ್ಧ ಅಚ್ಚಿದೆ: 1955 ಮತ್ತು 1956ರಲ್ಲಿ ಶಿಖರ, 1982ರಲ್ಲಿ ಪಾತಾಳ, ಆಮೇಲೆ ಮರೆವು. ಈ ಅಚ್ಚು ತಂಡಕ್ಕೆ ಅನ್ಯಾಯ ಮಾಡಿದೆ ಎಂಬುದು ನನ್ನ ವಾದ. 1955ರ ಗೆಲುವೂ 1982ರ ಬಾಗಿಲು ಮುಚ್ಚುವಿಕೆಯೂ ಒಂದೇ ಪ್ರಶ್ನೆಗೆ ಸಿಕ್ಕ ಎರಡು ಉತ್ತರಗಳು. ತಂಡ ವಿಶ್ವವಿದ್ಯಾಲಯದ ಅಂಗವೋ, ಅದರ ಹೆಸರು ಹೊತ್ತು ನಡೆಯುವ ಬೇರೆಯೇ ವ್ಯವಹಾರವೋ ಎಂಬುದು ಆ ಪ್ರಶ್ನೆ. ಡಾನ್ಸ್ ಅದಕ್ಕೆ ಎರಡು ಸಲವೂ ನೇರವಾಗಿ ಉತ್ತರಿಸಿತು. ಅದರ ಹಿರಿಮೆ ಇರುವುದು ಅಲ್ಲಿ.

ವಿಶ್ವವಿದ್ಯಾಲಯ 1855ರಲ್ಲಿ ಜೆಸ್ಯೂಟ್ ಪಾದ್ರಿಗಳು ಕಟ್ಟಿದ್ದು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು ನಡೆಸುತ್ತ ಬಂದಿರುವುದೂ ಅದೇ ಸಂಘ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಹಣ, ಮೈದಾನ, ಸಾವಿರಾರು ವಿದ್ಯಾರ್ಥಿಗಳ ಬಲ ಇಲ್ಲಿರಲಿಲ್ಲ. 1949ರಲ್ಲಿ ಪೀಟ್ ನ್ಯೂವೆಲ್ ತರಬೇತಿಯಲ್ಲಿ ತಂಡ ನ್ಯೂಯಾರ್ಕಿನ ಎನ್‌ಐಟಿ ಪಂದ್ಯಾವಳಿಯ ಫೈನಲ್‌ನಲ್ಲಿ ಷಿಕಾಗೋದ ಲೊಯೊಲಾ ತಂಡವನ್ನು 48-47ರಿಂದ ಸೋಲಿಸಿ ಮೊದಲ ಬಾರಿ ದೇಶದ ಗಮನ ಸೆಳೆದಾಗಲೂ, ಐವತ್ತರ ದಶಕದ ನಡುವೆ ರಾಷ್ಟ್ರೀಯ ಚಾಂಪಿಯನ್ ಆದಾಗಲೂ ಕ್ಯಾಂಪಸ್ಸಿನಲ್ಲಿ ಅದಕ್ಕೆ ತಕ್ಕ ಸ್ವಂತ ಜಿಮ್ ಇರಲಿಲ್ಲ. ಪಕ್ಕದ ಹೈಸ್ಕೂಲಿನ ಅಂಗಣದಲ್ಲಿ ಅಭ್ಯಾಸ, ನಗರದ ಕೆಜಾರ್ ಪೆವಿಲಿಯನ್‌ನಂಥ ಕಡೆ ಪಂದ್ಯ. ಸ್ವಂತ ಕಟ್ಟಡವಾದ ವಾರ್ ಮೆಮೋರಿಯಲ್ ಜಿಮ್ ತೆರೆದದ್ದು 1958ರಲ್ಲಿ, ಎರಡೂ ಪ್ರಶಸ್ತಿಗಳು ಬಂದ ಮೇಲೆ. ಅದೇ ಸಂಸ್ಥೆಯ ಅಮೆರಿಕನ್ ಫುಟ್‌ಬಾಲ್ ತಂಡ 1951ರಲ್ಲಿ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತ್ತು. ಆದರೆ ಅದರಲ್ಲಿದ್ದ ಇಬ್ಬರು ಕಪ್ಪು ಆಟಗಾರರಾದ ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಅವರನ್ನು ಬಿಟ್ಟು ಬಂದರೆ ಮಾತ್ರ ಋತುವಿನ ಕೊನೆಗೆ ಆಹ್ವಾನಿತ ತಂಡಗಳು ಆಡುವ ದಕ್ಷಿಣದ ಪ್ರತಿಷ್ಠಿತ ಬೌಲ್ ಪಂದ್ಯಗಳಿಗೆ ಅವಕಾಶ ಎಂಬ ಷರತ್ತು ಎದುರಾಯಿತು. ತಂಡ ಒಪ್ಪಲಿಲ್ಲ, ಆಹ್ವಾನ ಬರಲಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯನ್ನು ಓದುವಾಗ ಈ ಹಿನ್ನೆಲೆ ಕಣ್ಣ ಮುಂದಿರಬೇಕು. ಒಂದು ಮೌಲ್ಯಕ್ಕಾಗಿ ಲಾಭ ಬಿಟ್ಟುಕೊಡುವುದು ಆ ಕ್ಯಾಂಪಸ್ಸಿಗೆ 1982ರಲ್ಲಿ ಹೊಸದಾಗಿರಲಿಲ್ಲ.

ಬಿಲ್ ರಸೆಲ್ ಎಂಬ ಉದ್ದ ಕೈಕಾಲಿನ ಹುಡುಗ ಓಕ್ಲಂಡಿನ ಮೆಕ್ಲಿಮಂಡ್ಸ್ ಹೈಸ್ಕೂಲಿನಿಂದ ಹೊರಬಂದಾಗ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಇದೊಂದೇ ವಿಶ್ವವಿದ್ಯಾಲಯ. ಅಲ್ಲಿ ಅವನ ಕೋಣೆಯ ಜೊತೆಗಾರ ಕೆ.ಸಿ. ಜೋನ್ಸ್. ಚೆಂಡು ಯಾವ ಕೋನದಲ್ಲಿ ಪುಟಿಯುತ್ತದೆ, ಎದುರಾಳಿಯನ್ನು ಯಾವ ಜಾಗಕ್ಕೆ ತಳ್ಳಿದರೆ ಅವನ ಹೊಡೆತ ಸುಲಭವಾಗಿ ಕೈಗೆ ಸಿಗುತ್ತದೆ ಎಂದು ಇಬ್ಬರೂ ರೇಖಾಗಣಿತದ ಸಮಸ್ಯೆ ಬಿಡಿಸುವಂತೆ ಚರ್ಚಿಸುತ್ತಿದ್ದರು. ರಕ್ಷಣೆಯಲ್ಲಿರುವವನು ನೆಲದಿಂದ ಕಾಲು ಕೀಳಬಾರದು ಎಂಬುದು ಆ ಕಾಲದ ಪಾಠ. ರಸೆಲ್ ಜಿಗಿದು ಹೊಡೆತವನ್ನು ತಡೆಯುತ್ತಿದ್ದ; ಅದಕ್ಕಿಂತ ಮುಖ್ಯವಾಗಿ, ತಡೆದ ಚೆಂಡನ್ನು ಅಬ್ಬರಕ್ಕೆ ಗ್ಯಾಲರಿಗೆ ಅಟ್ಟದೆ ತನ್ನವರ ಕೈಗೆ ತಟ್ಟಿ ಕಳಿಸುತ್ತಿದ್ದ. ಕೋಚ್ ಫಿಲ್ ವುಲ್ಪರ್ಟ್ ಹಳೆಯ ಪಾಠದವರು, ಮೊದಮೊದಲು ಇದನ್ನು ಮೆಚ್ಚಲಿಲ್ಲ. ಆದರೂ ತಂಡವನ್ನು ರಕ್ಷಣೆಯ ಮೇಲೆ ಕಟ್ಟಿದವರು ಅವರೇ. 1954ರ ಡಿಸೆಂಬರಿನಲ್ಲಿ ಯುಸಿಎಲ್‌ಎ ವಿರುದ್ಧ 47-40ರಿಂದ ಸೋತ ತಂಡ ಆಮೇಲೆ ಸತತವಾಗಿ 60 ಪಂದ್ಯ ಗೆದ್ದಿತು. 1955ರ ಫೈನಲ್‌ನಲ್ಲಿ ಲಾ ಸಾಲ್ ತಂಡದ ಪ್ರಸಿದ್ಧ ಆಟಗಾರ ಟಾಮ್ ಗೋಲಾ ಅವರನ್ನು ಕಾಯುವ ಕೆಲಸ ಅವರಿಗಿಂತ ಎಷ್ಟೋ ಗಿಡ್ಡನಾದ ಜೋನ್ಸ್ ಪಾಲಿಗೆ ಬಂತು. ಜೋನ್ಸ್ ಅವರನ್ನು ಕಟ್ಟಿಹಾಕಿದ್ದಲ್ಲದೆ 24 ಅಂಕವನ್ನೂ ಗಳಿಸಿದ, ತಂಡ 77-63ರಿಂದ ಗೆದ್ದಿತು. ಮರುವರ್ಷದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅರ್ಹತೆಯ ನಿಯಮದಿಂದಾಗಿ ಜೋನ್ಸ್ ಆಡುವಂತಿರಲಿಲ್ಲ. ಆದರೂ ಅಯೋವಾ ವಿರುದ್ಧ 83-71ರ ಗೆಲುವಿನೊಂದಿಗೆ 29 ಪಂದ್ಯಗಳ ಋತುವನ್ನು ಒಂದೂ ಸೋಲಿಲ್ಲದೆ ಮುಗಿಸಿ, ಅಜೇಯವಾಗಿ ಎನ್‌ಸಿಎಎ ಪ್ರಶಸ್ತಿ ಗೆದ್ದ ಮೊದಲ ತಂಡವಾಯಿತು. ರಸೆಲ್, ಜೋನ್ಸ್ ಇಬ್ಬರೂ ಹೋದ ಮೇಲೆ 1957ರಲ್ಲಿ ಅದು ರಾಷ್ಟ್ರೀಯ ಮಟ್ಟದಲ್ಲಿ ಮೂರನೆಯ ಸ್ಥಾನ ಪಡೆಯಿತು. ಒಬ್ಬ ದೈತ್ಯ ಪ್ರತಿಭೆಯ ಹೆಗಲೇರಿ ಬಂದ ಯಶಸ್ಸು ಇದು ಎನ್ನುವವರಿಗೆ ಆ ಮೂರನೆಯ ಸ್ಥಾನ ಸಾಕಷ್ಟು ಉತ್ತರ.

ಈ ಗೆಲುವುಗಳ ನಿಜವಾದ ಬೆಲೆ ತಿಳಿಯಲು 1954ರ ಕೊನೆಯ ವಾರಗಳಿಗೆ, ಒಕ್ಲಹೋಮಾ ಸಿಟಿಯ ಆಲ್-ಕಾಲೇಜ್ ಪಂದ್ಯಾವಳಿಗೆ ಹೋಗಬೇಕು. ಆರಂಭದ ಐವರಲ್ಲಿ ರಸೆಲ್, ಜೋನ್ಸ್, ಹಾಲ್ ಪೆರಿ ಹೀಗೆ ಮೂವರು ಕಪ್ಪು ಆಟಗಾರರಿದ್ದ ತಂಡಕ್ಕೆ ಊರಿನ ಹೋಟೆಲುಗಳು ಕೋಣೆ ಕೊಡಲಿಲ್ಲ. ಬಿಳಿಯ ಆಟಗಾರರು ಹೋಟೆಲಿನಲ್ಲಿ, ಕಪ್ಪು ಆಟಗಾರರು ಬೇರೆಲ್ಲೋ ಉಳಿಯುವುದು ಆಗ ಎಲ್ಲರೂ ಹಿಡಿಯುತ್ತಿದ್ದ ದಾರಿ. ಈ ತಂಡ ಹಾಗೆ ಒಡೆಯಲಿಲ್ಲ. ರಜೆಯಲ್ಲಿ ಖಾಲಿಯಾಗಿದ್ದ ಒಂದು ಕಾಲೇಜು ಹಾಸ್ಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಉಳಿದರು. ಅಭ್ಯಾಸ ನೋಡಲು ಬಂದವರು ಅಂಗಣಕ್ಕೆ ಚಿಲ್ಲರೆ ಕಾಸು ಎಸೆದು ಅಣಕಿಸಿದಾಗ ರಸೆಲ್ ಅವನ್ನು ಆಯ್ದು ಕೋಚ್ ಕೈಗಿತ್ತದ್ದು ಆ ಕಾಲದ ವಿವರಗಳಲ್ಲಿ ಉಳಿದಿದೆ. ಪಂದ್ಯಾವಳಿ ಗೆದ್ದು ತಂಡ ಊರಿಗೆ ಮರಳಿತು. ಊರಿನಲ್ಲಿ ಕಾದಿದ್ದುದೂ ಪೂರ್ತಿ ನ್ಯಾಯವಲ್ಲ: ಆ ಋತುವಿನಲ್ಲಿ ದೇಶಕ್ಕೇ ಚಾಂಪಿಯನ್ ಆದ ತಂಡದ ನಡುಗಂಬವಾಗಿದ್ದ ರಸೆಲ್‌ನನ್ನು ಬಿಟ್ಟು, ಉತ್ತರ ಕ್ಯಾಲಿಫೋರ್ನಿಯಾದ ವರ್ಷದ ಆಟಗಾರ ಗೌರವವನ್ನು ಸಾಂಟಾ ಕ್ಲಾರಾದ ಬಿಳಿಯ ಆಟಗಾರ ಕೆನ್ನಿ ಸಿಯರ್ಸ್‌ಗೆ ಕೊಟ್ಟರು. ಆ ನೋವನ್ನು ರಸೆಲ್ ಮುಂದೆ ಎಂದೂ ಮುಚ್ಚಿಡಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ವುಲ್ಪರ್ಟ್ ಸಮಾಜ ಸುಧಾರಕರಲ್ಲ, ಗೆಲ್ಲಬೇಕಿದ್ದ ಕೋಚ್. ದೊಡ್ಡ ಸಂಸ್ಥೆಗಳು ಕಣ್ಣೆತ್ತಿ ನೋಡದ ಹುಡುಗರು ಅಗ್ಗಕ್ಕೆ ಸಿಕ್ಕರು, ಆಡಿಸಿದರು, ಅದಕ್ಕೆ ಮೌಲ್ಯದ ಬಣ್ಣ ಯಾಕೆ ಎಂದು ಕೇಳಬಹುದು. ಕಪ್ಪು ಆಟಗಾರರನ್ನು ನೆಚ್ಚಿ ಗೆದ್ದ ಮೊದಲ ತಂಡವೂ ಇದಲ್ಲ. ನ್ಯೂಯಾರ್ಕಿನ ಸಿಟಿ ಕಾಲೇಜು 1950ರಲ್ಲೇ ಆ ಕೆಲಸ ಮಾಡಿತ್ತು. ಈ ಮಾತುಗಳಲ್ಲಿ ಸತ್ಯವಿದೆ. ಆದರೆ ಉದ್ದೇಶ ಶುದ್ಧವಾಗಿದ್ದರೆ ಮಾತ್ರ ಕೆಲಸಕ್ಕೆ ಬೆಲೆ ಎಂದು ಹಟ ಹಿಡಿದರೆ ಚರಿತ್ರೆಯಲ್ಲಿ ಮೆಚ್ಚಲು ಏನೂ ಉಳಿಯುವುದಿಲ್ಲ. ಕಪ್ಪು ಆಟಗಾರರಿದ್ದರೂ ಒಂದೇ ಸಲ ಅಂಗಣದಲ್ಲಿ ಇಷ್ಟೇ ಜನ ಇರಬೇಕು ಎಂಬ ಅಲಿಖಿತ ಮಿತಿ ಹಲವು ತಂಡಗಳಲ್ಲಿದ್ದ ಕಾಲ ಅದು. ಆ ಮಿತಿಯನ್ನು ಮೀರಿದ್ದಕ್ಕೆ ವುಲ್ಪರ್ಟ್ ಟೀಕೆ, ಬೈಗುಳ ಎರಡನ್ನೂ ಕೇಳಿದರು. ಬರೀ ಗೆಲುವೇ ಲೆಕ್ಕವಾಗಿದ್ದರೆ ಒಕ್ಲಹೋಮಾದಲ್ಲಿ ತಂಡವನ್ನು ಎರಡು ಕಡೆ ಮಲಗಿಸುವುದರಲ್ಲಿ ನಷ್ಟವೇನೂ ಇರಲಿಲ್ಲ. ಅದನ್ನು ಮಾಡಲಿಲ್ಲ ಎಂಬ ವಿಷಯವೇ ಆಟಗಾರರನ್ನು ವಿಶ್ವವಿದ್ಯಾಲಯ ಬಾಡಿಗೆ ಕೈಗಳೆಂದು ನೋಡದೆ ತನ್ನ ವಿದ್ಯಾರ್ಥಿಗಳೆಂದು ನೋಡಿದ್ದಕ್ಕೆ ಸಾಕ್ಷಿ.

ಎಪ್ಪತ್ತರ ದಶಕದ ಹೊತ್ತಿಗೆ ಈ ನೋಟ ಮಸುಕಾಗಿತ್ತು. ಬಿಲ್ ಕಾರ್ಟ್‌ರೈಟ್ ಇದ್ದ ತಂಡ 1976-77ರಲ್ಲಿ ಮೊದಲ 26 ಪಂದ್ಯವನ್ನೂ ಗೆದ್ದು ದೇಶದಲ್ಲಿ ಒಂದನೆಯ ಶ್ರೇಯಾಂಕಕ್ಕೆ ಏರಿತು. ಹಳೆಯ ವೈಭವದ ಆಸೆ ಮರುಕಳಿಸಿತು, ಆಸೆಯ ಜೊತೆ ಹಣವಂತ ಅಭಿಮಾನಿಗಳ ಕೈಯೂ ಒಳಗೆ ಬಂತು. ನಿಯಮ ಮುರಿದದ್ದಕ್ಕೆ ಎನ್‌ಸಿಎಎ ಎರಡು ಬಾರಿ ತಂಡವನ್ನು ನಿಗಾದಲ್ಲಿ ಇಟ್ಟಿತು. 1982ರಲ್ಲಿ ತಂಡದ ತಾರೆಯೊಬ್ಬ ಗಂಭೀರ ಅಪರಾಧ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದ. ಮಾಡದ ಕೆಲಸಕ್ಕೆ ಅಭಿಮಾನಿಯೊಬ್ಬರಿಂದ ತಾನು ತಿಂಗಳಿಗೆ ಸಾವಿರ ಡಾಲರ್ ಪಡೆಯುತ್ತಿದ್ದುದನ್ನೂ ಆ ಸಂದರ್ಭದಲ್ಲಿ ಅವನು ಒಪ್ಪಿಕೊಂಡ. ಆ ಜುಲೈನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಜಾನ್ ಲೊ ಸ್ಕಿಯಾವೊ ತಂಡವನ್ನೇ ನಿಲ್ಲಿಸಿದರು. ಯಾರೂ ಅವರಿಗೆ ಆ ಶಿಕ್ಷೆ ವಿಧಿಸಿರಲಿಲ್ಲ. ಎರಡು ಸಲ ಎಚ್ಚರಿಸಿದರೂ ಹೊರಗಿನ ಕೈಗಳನ್ನು ತಡೆಯಲು ಆಗದಿದ್ದ ಮೇಲೆ, ಸಂಸ್ಥೆಯ ಮರ್ಯಾದೆ ಉಳಿಯಲು ಬೇರೆ ದಾರಿ ಕಾಣಲಿಲ್ಲ ಎಂಬುದು ಅವರ ನಿಲುವಿನ ಸಾರ. 1982-83ರಿಂದ 1984-85ರವರೆಗೆ ಮೂರು ಋತು ಡಾನ್ಸ್ ಒಂದೂ ಪಂದ್ಯ ಆಡಲಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ಆಗಲೂ ಹೇಳಿದವರಿದ್ದಾರೆ, ಈಗಲೂ ಇದ್ದಾರೆ. ಅವರ ವಾದದಲ್ಲಿ ತೂಕದ ಅಂಶ ಒಂದಿದೆ: ತಪ್ಪು ಮಾಡಿದವರು ಕೆಲವರು, ಆಟ ಕಳೆದುಕೊಂಡವರು ಎಲ್ಲರೂ. ನಿಯಮಕ್ಕೆ ತಲೆಬಾಗಿ ಓದುತ್ತ ಆಡುತ್ತಿದ್ದ ಹುಡುಗರು ಬೇರೆ ಕಾಲೇಜು ಹುಡುಕಬೇಕಾಯಿತು. ಈ ಅನ್ಯಾಯವನ್ನು ತಿಪ್ಪೆ ಸಾರಿಸಿ ದಾಟುವಂತಿಲ್ಲ. ಎರಡು ಎಚ್ಚರಿಕೆಗಳ ನಂತರವೂ ಕಣ್ಣು ತೆರೆಯದ ಆಡಳಿತದ ಹೊಣೆಯೂ ಸಣ್ಣದಲ್ಲ. ನಾಲ್ಕು ವರ್ಷ ಮೊದಲೇ ಬಿಗಿ ಮಾಡಿದ್ದರೆ ಮುಚ್ಚುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಈ ಆಕ್ಷೇಪ ತೋರಿಸುವುದು ನಿರ್ಧಾರ ತಡವಾಯಿತು ಎಂಬುದನ್ನು. ನಿರ್ಧಾರ ತಪ್ಪು ಎಂಬುದನ್ನಲ್ಲ. ಕೋಚನ್ನು ಬದಲಿಸಿ, ಒಂದಿಬ್ಬರನ್ನು ಹೊರಹಾಕಿ ಕೈ ತೊಳೆದುಕೊಳ್ಳುವುದು ಎಲ್ಲ ಸಂಸ್ಥೆಗಳೂ ಹಿಡಿಯುವ ದಾರಿ. ಆ ದಾರಿ ಇಲ್ಲಿ ಅದಾಗಲೇ ವಿಫಲವಾಗಿತ್ತು. ರೋಗ ಇದ್ದದ್ದು ತಂಡಕ್ಕೂ ಸಂಸ್ಥೆಗೂ ನಡುವೆ ಹಣ ಹರಿಯುವ ಸಂದಿಯಲ್ಲಿ. ಆ ಸಂದಿ ಮುಚ್ಚುವುದಕ್ಕೆ ತಂಡ ಸ್ವಲ್ಪ ಕಾಲ ಇಲ್ಲವಾಗಬೇಕಿತ್ತು.

ಇದೇ ಬಗೆಯ ಬೇರೆ ಪ್ರಕರಣಗಳ ಪಕ್ಕದಲ್ಲಿಟ್ಟರೆ ಈ ನಿರ್ಧಾರದ ಅಪರೂಪ ಸ್ಪಷ್ಟವಾಗುತ್ತದೆ. ಕೆಂಟಕಿ ತಂಡ 1952-53ರ ಋತುವನ್ನು ಕಳೆದುಕೊಂಡದ್ದು, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1987ರಲ್ಲಿ ನಿಂತುಹೋದದ್ದು, ಎರಡೂ ಹೊರಗಿನ ಒತ್ತಡದಿಂದ, ಹೊರಗಿನ ಶಿಕ್ಷೆಯಿಂದ. ಟುಲೇನ್ ವಿಶ್ವವಿದ್ಯಾಲಯ ತಾನಾಗಿಯೇ ಪುರುಷರ ಬ್ಯಾಸ್ಕೆಟ್‌ಬಾಲ್ ನಿಲ್ಲಿಸಿದ್ದು ಪಂದ್ಯಗಳ ಅಂಕ ತಿರುಚಿದ ಹಗರಣ ಬಯಲಾದ 1985ರಲ್ಲಿ. ಅಷ್ಟು ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ ಮಾದರಿ ಕಣ್ಣ ಮುಂದಿತ್ತು. ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದ, ಐದು ವರ್ಷದ ಹಿಂದಷ್ಟೇ ದೇಶದ ಅಗ್ರ ಶ್ರೇಯಾಂಕ ಕಂಡ ತಂಡವನ್ನು ಯಾರೂ ಹೇಳದೆ ತಾನೇ ನಿಲ್ಲಿಸಲು ಬೇಕಾದ ಧೈರ್ಯ ಫೈನಲ್ ಗೆಲ್ಲಲು ಬೇಕಾದ್ದಕ್ಕಿಂತ ಕಡಿಮೆಯಲ್ಲ.

ಈಗಿನ ಕಾಲದಿಂದ ಬರುವ ಆಕ್ಷೇಪ ಇನ್ನೂ ಹರಿತವಾದದ್ದು. 2021ರಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಚಿತ್ರ ಬಳಸಿ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಹಾಗಾದರೆ ತಿಂಗಳಿಗೆ ಸಾವಿರ ಡಾಲರ್ ಎಂಬ ‘ಪಾಪ’ಕ್ಕಾಗಿ ಒಂದು ಪರಂಪರೆಯನ್ನೇ ಬಲಿಕೊಟ್ಟದ್ದು ಇಂದು ಹುಚ್ಚಾಟದಂತೆ ಕಾಣುವುದಿಲ್ಲವೇ? ಆಟಗಾರರ ಬೆವರಿನಿಂದ ಟಿವಿ ಕಂಪನಿಗಳೂ ಕೋಚ್‌ಗಳೂ ಶ್ರೀಮಂತರಾಗುವಾಗ ಆಟಗಾರರಿಗೂ ಪಾಲು ಸಿಗಬೇಕಾದದ್ದೇ. ಹಳೆಯ ನಿಷೇಧ ಕ್ರೂರವಾಗಿತ್ತು ಎನ್ನುವುದನ್ನು ಒಪ್ಪುತ್ತೇನೆ. ಆದರೆ 1982ರಲ್ಲಿ ಕೆಟ್ಟದ್ದು ಹಣದ ಮೊತ್ತವಲ್ಲ. ಇಲ್ಲದ ನೌಕರಿಯ ಸಂಬಳ ಎಂಬ ಸುಳ್ಳು, ಆ ಸುಳ್ಳನ್ನು ಸಂಸ್ಥೆಯ ಹೆಸರಿನ ಮರೆಯಲ್ಲಿ ನಡೆಸಿದ ರೀತಿ, ಆಟಗಾರ ಯಾರಿಗೆ ಉತ್ತರದಾಯಿ ಎಂಬುದೇ ಗೊತ್ತಾಗದ ಸ್ಥಿತಿ, ಇವು ಕೆಟ್ಟವು. ಹಣ ಬಹಿರಂಗವಾದ ಈ ದಿನಗಳಲ್ಲಿ ವರ್ಷಕ್ಕೊಂದು ಕಾಲೇಜು ಬದಲಿಸುವ ಆಟಗಾರರಿಗೂ ಅವರ ಅಂಗಿಯ ಮೇಲಿನ ಹೆಸರಿಗೂ ಏನು ಸಂಬಂಧ ಎಂಬ ಪ್ರಶ್ನೆ ಇನ್ನಷ್ಟು ದೊಡ್ಡದಾಗಿದೆ. ಲೊ ಸ್ಕಿಯಾವೊ ಎತ್ತಿದ್ದು ಅದೇ ಪ್ರಶ್ನೆ. ಹಾಗಾಗಿ ಅವರ ನಿರ್ಧಾರ ಹಳತಾಗಿಲ್ಲ.

ತಂಡ 1985-86ರಲ್ಲಿ ಹಳೆಯ ವಿದ್ಯಾರ್ಥಿಯೇ ಆದ ಜಿಮ್ ಬ್ರೊವೆಲ್ಲಿ ತರಬೇತಿಯಲ್ಲಿ ಮರಳಿತು. ಆಮೇಲಿನ ದಶಕಗಳಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಅದು ಹೋದದ್ದು ಅಪರೂಪ: 1998ರಲ್ಲಿ ಒಮ್ಮೆ, ಮತ್ತೆ 2022ರಲ್ಲಿ. ನಿಲ್ಲಿಸಿದ್ದರ ಬೆಲೆ ಇದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ವಿಶ್ವವಿದ್ಯಾಲಯದ ತಂಡವನ್ನು ವೃತ್ತಿಪರ ಕ್ಲಬ್ಬಿನಂತೆ ಗೆಲುವಿನಿಂದಷ್ಟೇ ಅಳೆಯುವುದಾದರೆ ಅದು ವಿಶ್ವವಿದ್ಯಾಲಯದಲ್ಲಿ ಇರಬೇಕಾದ ಕಾರಣವೇ ಇಲ್ಲ. ಬೇರೆಯವರು ಬೇಡವೆಂದ ಹುಡುಗನಿಗೆ ಓದಲು, ಆಡಲು ಜಾಗ ಕೊಟ್ಟದ್ದು, ಊರು ಒಡೆಯಲು ನೋಡಿದಾಗ ಒಟ್ಟಿಗೆ ಉಳಿದದ್ದು, ತನ್ನದೇ ಹೆಸರಿನಲ್ಲಿ ಸುಳ್ಳು ನಡೆಯುತ್ತಿದೆ ಎಂದು ಗೊತ್ತಾದಾಗ ಆಟವನ್ನೇ ನಿಲ್ಲಿಸಿದ್ದು, ಇವು ಡಾನ್ಸ್ ಚರಿತ್ರೆಯ ಮುಖ್ಯ ಘಟನೆಗಳು. 60 ಗೆಲುವುಗಳ ಸರಣಿ ಇವುಗಳ ನಡುವೆ ನಿಲ್ಲಬೇಕು, ಇವುಗಳ ಮೇಲಲ್ಲ. ಕ್ರೀಡಾ ಕೋಟಾದಲ್ಲಿ ಸೇರಿಸಿಕೊಂಡ ವಿದ್ಯಾರ್ಥಿಗಳ ಪದಕಗಳನ್ನು ಜಾಹೀರಾತಿಗೆ ಹಾಕಿ, ಅವರ ಓದಿನ ಗತಿ ಕೇಳದ ಕಾಲೇಜುಗಳು ನಮ್ಮಲ್ಲೂ ಇವೆ. ಅಂಥ ಕಡೆ ತಂಡದ ಚರಿತ್ರೆ ಬರೆಯಲು ಕೂರುವವರು ಪ್ರಶಸ್ತಿ ಪಟ್ಟಿಗೆ ಮೊದಲು ಬರೆಯಬೇಕಾದ ಅಧ್ಯಾಯ ಒಂದಿದೆ: ಗೆಲುವಿಗಾಗಿ ಈ ಸಂಸ್ಥೆ ಏನನ್ನು ಕೊಡಲು ಒಪ್ಪಲಿಲ್ಲ? ಆ ಅಧ್ಯಾಯಕ್ಕೆ ಬರೆಯಲು ಏನಾದರೂ ಇದ್ದರೆ ಮಾತ್ರ ಉಳಿದ ಪುಟಗಳು ಹೆಮ್ಮೆಗೆ ಅರ್ಹ.