ಶುಲ್ಕವೋ ವಿಕ್ರಯವೋ

ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 1887ರ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ಕ್ಕೆ ‘ಕನ್ಯಾವಿಕ್ರಯದ ಪರಿಣಾಮ’ವೆಂದು ಇನ್ನೊಂದು ಹೆಸರುಂಟು. ಗುರಜಾಡ ಅಪ್ಪಾರಾಯರು 1892ರಲ್ಲಿ ರಂಗವೇರಿದ ತಮ್ಮ ತೆಲುಗು ನಾಟಕವನ್ನು ‘ಕನ್ಯಾಶುಲ್ಕ’ವೆಂದರು, ಶಾಸ್ತ್ರಿಗಳು ವಿಕ್ರಯವೆಂದೇ ಕರೆದರು. ಈ ಭೇದವು ಬರಿಯ ಶಬ್ದದ್ದಲ್ಲ. ಬಂಧುಗಳು ತಮಗಾಗಿ ತೆಗೆದುಕೊಳ್ಳದ ಧನವು ವಿಕ್ರಯವಲ್ಲ, ಕನ್ಯೆಯ ಅರ್ಹಣವೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ವಿಂಗಡಿಸುತ್ತದೆ. ಆಫ್ರಿಕದ ಜುಲು ಜನರ ‘ಲೊಬೊಲೊ’ ಗೋವುಗಳಾದರೋ ಕನ್ಯೆಯ ತವರಿಗೇ ಸಲ್ಲುವುವು. ಆದರೂ ಅವು ಎರಡು ಕುಲಗಳ ಬೆಸುಗೆ. ಅಂತಹ ಧನವನ್ನು ‘ವಧುವಿನ ಬೆಲೆ’ಯೆನ್ನಲಾಗದೆಂದು 1931ರಲ್ಲಿ ಇವಾನ್ಸ್ ಪ್ರಿಚರ್ಡರು ವಾದಿಸಿದರು. ಇಗ್ಗಪ್ಪನ ಕಥೆಗೆ ಆ ವಿನಾಯಿತಿಯಿಲ್ಲ. ಹವ್ಯಕರ ಮನೆಮಾತನ್ನು ರಂಗಕ್ಕೆ ತಂದುದೇ ಕೃತಿಯ ಬಲ: ಗ್ರಾಂಥಿಕದಲ್ಲಿ ಶುಲ್ಕವೆಂದು ಮರೆಸಿದುದು ಜಗಲಿಯ ನುಡಿಯಲ್ಲಿ ಮರೆಯಾಗದು. ನಮ್ಮ ಮಂಗಳೂರಿನಲ್ಲಿಯೂ ಪ್ರಹಸನಕಾರರಿಗೆ ಇನ್ನೂ ಕೆಲಸವುಂಟು. 1961ರ ವರದಕ್ಷಿಣಾ ನಿಷೇಧದ ಕಾಯಿದೆಯ ತರುವಾಯ ವರವಿಕ್ರಯಕ್ಕೆ ಉಡುಗೊರೆಯೆಂದು ಹೆಸರು.