ಕೋಟೋ ಜೋಗುಳದ ವಾದ್ಯವಲ್ಲ

ಹಳೆಯ ಜಪಾನಿ ಎಲ್‌ಪಿಗಳನ್ನು ಕೂಡಿಡುವ ರಸಿಕರ ನಡುವೆ ಮಿಚಿಯೊ ಮಿಯಾಗಿಯ ಬಗ್ಗೆ ಒಂದು ತೀರ್ಪು ಬಹುಕಾಲದಿಂದ ಚಲಾವಣೆಯಲ್ಲಿದೆ. ದೊಡ್ಡ ವಾದಕನೇನೋ ಹೌದು, ಆದರೆ ಜಪಾನಿನ ತಂತಿವಾದ್ಯ ಕೋಟೋಗೆ ಪಾಶ್ಚಾತ್ಯ ಸಂಗೀತದ ನೀರು ಬೆರೆಸಿ ಕೆಡಿಸಿದ. ಅಸಲಿ ಮಾಲು ಬೇಕಿದ್ದರೆ ಹಳೆಯ ಕೃತಿ ‘ರೊಕುದಾನ್’ ಕೇಳಿ, ಅವನ ‘ಹಾರು ನೊ ಉಮಿ’ ಪಕ್ಕಕ್ಕಿಡಿ. ಹೀಗೆನ್ನುವವರಲ್ಲಿ ಎಷ್ಟು ಮಂದಿ ‘ರೊಕುದಾನ್’ನ ಆರೂ ಭಾಗಗಳನ್ನು ಎಚ್ಚರವಾಗಿದ್ದು ಕೇಳಿದ್ದಾರೋ!

ಕೋಟೋವಿನ ಮಡಿಯಾದರೂ ಎಷ್ಟು ಹಳೆಯದು? ವಾದ್ಯ ಚೀನಾದಿಂದ ಬಂದದ್ದು, ಆಸ್ಥಾನದ ವಾದ್ಯವೃಂದದಲ್ಲಿ ಬೆಳೆದದ್ದು. 17ನೇ ಶತಮಾನದಲ್ಲಿ ಯತ್ಸುಹಾಶಿ ಕೆಂಗ್ಯೊ ಅದರ ಶ್ರುತಿಯನ್ನೇ ಬದಲಿಸಿ, ಊರಮಂದಿಯ ಹಾಡಿಗೆ ಹೊಂದುವ ಸ್ವರಶ್ರೇಣಿಯನ್ನು ತಂದ. ‘ರೊಕುದಾನ್’ ಅವನದೇ ಎಂಬ ಪ್ರತೀತಿ. ಅಂದರೆ ಇಂದಿನ ಸಂಪ್ರದಾಯಸ್ಥರು ಪೂಜಿಸುವುದು ಅಂದಿನ ಒಬ್ಬ ಪುಂಡನನ್ನೇ. ಅವನಿಗೆ ಸಂದ ರಿಯಾಯಿತಿ ಮಿಯಾಗಿಗೆ ಏಕಿಲ್ಲ?

1894ರಲ್ಲಿ ಕೋಬೆಯಲ್ಲಿ ಹುಟ್ಟಿದ ಮಿಯಾಗಿ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ. ಹದಿಹರೆಯದಲ್ಲೇ, 1909ರಲ್ಲಿ, ‘ಮಿಜು ನೊ ಹೆಂತಾಯ್’ ರಚಿಸಿದ. ಕೋಟೋದ ಹದಿಮೂರು ತಂತಿಗಳಲ್ಲಿ ಮಂದ್ರ ಸಾಲದೆನಿಸಿ 1921ರಲ್ಲಿ ಹದಿನೇಳು ತಂತಿಯ ದೊಡ್ಡ ವಾದ್ಯ ಮಾಡಿಸಿದ. ಎಂಬತ್ತು ತಂತಿಯದನ್ನೂ ಮಾಡಿಸಿದ್ದುಂಟು. ಅದು ನಿಲ್ಲಲಿಲ್ಲ, ಇರಲಿ. 1929ರಲ್ಲಿ ಕೋಟೋ ಮತ್ತು ಶಾಕುಹಾಚಿ ಕೊಳಲಿಗೆಂದು ಬರೆದ ‘ಹಾರು ನೊ ಉಮಿ’ಯನ್ನು ಈಗ ಜಪಾನಿನ ಅಂಗಡಿಗಳಲ್ಲಿ ಹೊಸ ವರ್ಷದ ದಿನಗಳಲ್ಲಿ ಸದಾ ಹಾಕುತ್ತಾರೆ. ವಿರೋಧಿಗಳಿಗೆ ಇದೇ ಅಸ್ತ್ರ. ಅಂಗಡಿಯವನ ಅಭಿರುಚಿಗೆ ರಚನಕಾರ ದಂಡ ತೆರಬೇಕಂತೆ!

ಆ ಕೃತಿಗೆ ನ್ಯಾಯ ಸಿಗುವುದು 1932ರ ಧ್ವನಿಮುದ್ರಣದಲ್ಲಿ. ಶಾಕುಹಾಚಿಯ ಪಾಲನ್ನು ಫ್ರೆಂಚ್ ಪಿಟೀಲುಗಾರ್ತಿ ರೆನೆ ಶೆಮೆ ವಹಿಸಿಕೊಂಡಿದ್ದಾಳೆ, ಕೋಟೋಗೆ ಮಿಯಾಗಿಯೇ. ಅಪಚಾರವೆಂದರೆ ಇದಕ್ಕಿಂತ ದೊಡ್ಡದು ಬೇಕೆ? ಆದರೆ ಕೇಳಿ ನೋಡಬೇಕು. ಒಂದು ಬದಿಗೆ ಮೂರು-ನಾಲ್ಕು ನಿಮಿಷವಷ್ಟೇ ಹಿಡಿಸುತ್ತಿದ್ದ 78 ಸುತ್ತಿನ ಪ್ಲೇಟಿನ ಕಾಲ ಅದು. ಸುಮ್ಮನೆ ಕಾಲ ತಳ್ಳಲು ಜಾಗವಿಲ್ಲ. ಕೋಟೋ ಅಲೆಯಲೆಯಾಗಿ ಮೇಲೇರಿ ಇಳಿಯುತ್ತದೆ, ಪಿಟೀಲು ಅದರ ಮೇಲೆ ಜಾರು ಹಾಕುತ್ತ ಬರುತ್ತದೆ, ನಡುವಿನ ಭಾಗ ಚುರುಕಾಗುತ್ತದೆ. ಬಲಗೈ ಮೀಟಿದ ಮೇಲೆ ಎಡಗೈ ತಂತಿಯನ್ನು ಒತ್ತಿ, ಎಳೆದು, ನಡುಗಿಸಿ ಸ್ವರವನ್ನು ಬಾಗಿಸುವುದೇ ಕೋಟೋದ ಜೀವಾಳ, ಅದು ಇಲ್ಲೂ ಉಳಿದಿದೆ. ವೀಣೆಯ ಗಮಕಕ್ಕೆ ಒಗ್ಗಿದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ 1970ರ ದಶಕದಲ್ಲಿ ಬಂದ ಕೋಟೋ ಬಾಖ್, ಕೋಟೋ ವಿವಾಲ್ಡಿ ಎಲ್‌ಪಿಗಳು? ಅವನ್ನು ಒಪ್ಪುವ ಮಾತೇ ಇಲ್ಲ. ತದಾವೊ ಸವಾಯಿಯಂಥ ಸಮರ್ಥ ಕೋಟೋ ವಾದಕನೂ ಅಲ್ಲಿ ಸರ್ಕಸ್ಸಿಗೆ ಇಳಿದ. ಬಾಗದ ಸ್ವರಗಳನ್ನು ತಾಳಕ್ಕೆ ಸರಿಯಾಗಿ ಉದುರಿಸುವುದಷ್ಟೇ ಅಲ್ಲಿ ಕೈಗಿರುವ ಕೆಲಸ. ಎಡಗೈಗೆ ಬಹುಪಾಲು ರಜೆ. ಮಿಯಾಗಿ ಪಿಟೀಲನ್ನು ತನ್ನ ಮನೆಗೆ ಕರೆದ, ಇವರು ವಾದ್ಯವನ್ನೇ ಇನ್ನೊಬ್ಬರ ಮನೆಗೆ ಬಾಡಿಗೆಗೆ ಕೊಟ್ಟರು. ಇದು ಪಕ್ಷಪಾತ ಎನ್ನುವವರು ಎನ್ನಲಿ.

ಮಿಯಾಗಿಯ ಶಿಷ್ಯ ಕಿಮಿಯೊ ಏತೊ ಅಮೆರಿಕಕ್ಕೆ ಹೋದ. ಅಲ್ಲಿ ವರ್ಲ್ಡ್ ಪೆಸಿಫಿಕ್ ರೆಕಾರ್ಡ್ ಕಂಪನಿ ಅವನನ್ನು ಜಾಝ್ ಕೊಳಲುಗಾರ ಬಡ್ ಶ್ಯಾಂಕ್ ಜೊತೆ ನುಡಿಸಲು ಕೂರಿಸಿತು. ಅದೇ ಕಂಪನಿ, ಅದೇ ಶ್ಯಾಂಕ್, 1962ರಲ್ಲಿ ನಮ್ಮ ರವಿಶಂಕರ್ ಜೊತೆಗೂ ಬಂದರು. 1964ರಲ್ಲಿ ಸ್ಟಕೋವ್‌ಸ್ಕಿ ನಿರ್ದೇಶನದ ಫಿಲಡೆಲ್ಫಿಯಾ ಆರ್ಕೆಸ್ಟ್ರಾದೊಂದಿಗೆ ಏತೊ ಹೆನ್ರಿ ಕೌವೆಲ್‌ನ ಕೋಟೋ ಕಾನ್ಸರ್ಟೊ ನುಡಿಸಿದ. ಇಷ್ಟಾದರೂ ಕೋಟೋ ಎಂದೊಡನೆ ಹೊರಗಿನ ಕೊಳ್ಳುಗನಿಗೆ ಬೇಕಾದದ್ದು ಕಿಮೋನೊ ಉಟ್ಟ ಹೆಣ್ಣು, ಚೆರ್ರಿ ಹೂ, ಕೊಳದ ಚಿತ್ರವಿರುವ ಜಾಕೆಟ್ಟು ಮತ್ತು ಒಳಗೊಂದಿಷ್ಟು ‘ಝೆನ್ ಶಾಂತಿ’. ನಿಧಾನವಾಗಿ ಹೊರಟು ಭಾಗ ಭಾಗಕ್ಕೂ ವೇಗ ಏರಿಸಿಕೊಂಡು ಓಡುವ ‘ರೊಕುದಾನ್’ ಕೂಡ ಆ ಜಾಕೆಟ್ಟಿನೊಳಗೆ ಸೇರಿದರೆ ನಿದ್ದೆಯ ಔಷಧವಾಗಿಬಿಡುತ್ತದೆ.

ದೂರದ ನಾಡಿನ ಕಲಾವಿದ ಅಲ್ಲಾಡದೆ ಕೂತಿರಬೇಕು, ಬದಲಾಗುವ ಹಕ್ಕೆಲ್ಲ ಕೇಳುವವನದು ಎಂಬ ಈ ಯಜಮಾನಿಕೆಗೆ ರಸಿಕತೆ ಎಂಬ ಹೆಸರು ಬೇರೆ. ಸಿತಾರ್, ಸರೋದ್‌ಗಳ ಎಲ್‌ಪಿಗಳಿಗೂ ಇದೇ ಗತಿ ಬಂದಿತ್ತು: ಊದುಬತ್ತಿ ಹಚ್ಚಿಟ್ಟು ಕೇಳಿದರೇ ಭಾರತ. ತಮಾಷೆಯೆಂದರೆ, ಮಿಯಾಗಿ ಮಾಡಿಸಿದ ಆ ಹದಿನೇಳು ತಂತಿಯ ವಾದ್ಯ ಈಗ ಇದೇ ಮಡಿವಂತರ ಕಪಾಟಿನಲ್ಲಿ ‘ಸಾಂಪ್ರದಾಯಿಕ’ ಎಂಬ ಚೀಟಿಯ ಕೆಳಗೇ ಕೂತಿದೆ.